ಚಿತ್ರದುರ್ಗದಲ್ಲಿ ಚಾಲಕ ಬದಲು: ಹುಬ್ಬಳ್ಳಿ–ಬೆಂಗಳೂರು ಮನೆಬಾಗಿಲ ಕಾರು ಸೇವೆಯೊಂದರ ಪ್ರಕರಣ ಅಧ್ಯಯನ

ಹುಬ್ಬಳ್ಳಿ–ಧಾರವಾಡ ಅವಳಿನಗರ ಮತ್ತು ಬೆಂಗಳೂರಿನ ನಡುವೆ, ವಿಮಾನಕ್ಕೆ ಪರ್ಯಾಯವೆಂದು ಹೇಳಿಕೊಂಡು, ಮನೆಯ ಬಾಗಿಲಿನಿಂದ ಮನೆಯ ಬಾಗಿಲಿಗೆ ಕಾರು ಓಡಿಸುವ ಸೇವೆಯೊಂದನ್ನು ಇಬ್ಬರು ಪಾಲುದಾರರು 2022ರ ಕೊನೆಯ ತಿಂಗಳುಗಳಲ್ಲಿ ಆರಂಭಿಸಿದರು. ಅವರ ಟ್ರಿಪ್ ಶೀಟುಗಳನ್ನೂ ಲೆಕ್ಕಪುಸ್ತಕಗಳನ್ನೂ ನೋಡಿ, ಇಬ್ಬರೊಡನೆ ಮತ್ತು ಕೆಲವು ಚಾಲಕರೊಡನೆ ಮಾತನಾಡಿ ಈ ಬರಹವನ್ನು ಸಿದ್ಧಪಡಿಸಿದ್ದೇನೆ. ಗುರುತು ಸಿಗಬಾರದೆಂದು ಸಂಸ್ಥೆಯ ಹೆಸರನ್ನೂ ಕಚೇರಿಯಿರುವ ಬಡಾವಣೆಯನ್ನೂ ಬಿಟ್ಟಿದ್ದೇನೆ. ಮೊತ್ತಗಳನ್ನು ಹತ್ತಿರದ ನೂರಕ್ಕೆ ಸರಿಹೊಂದಿಸಿದ್ದೇನೆ. ಪಾಲುದಾರರನ್ನು ಹಿರಿಯರು, ಕಿರಿಯರು ಎಂದಷ್ಟೇ ಕರೆಯುತ್ತೇನೆ. ಹಿರಿಯರಿಗೆ ಟ್ರಾವೆಲ್ಸ್ ವ್ಯವಹಾರದ ಹಳೆಯ ಅನುಭವವಿತ್ತು. ಕಿರಿಯರು ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಊರಿಗೆ ಮರಳಿದವರು.

ಹಿನ್ನೆಲೆ

ಯೋಜನೆಯ ಮೂಲ ಕಿರಿಯರ ಒಂದು ಲೆಕ್ಕ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನ ಹಾರುವುದು ಸುಮಾರು ಒಂದು ಗಂಟೆ. ಆದರೆ ಧಾರವಾಡದ ಮನೆಯಿಂದ ಗೋಕುಲ ರಸ್ತೆಯ ವಿಮಾನ ನಿಲ್ದಾಣಕ್ಕೆ ಮುಕ್ಕಾಲು ಗಂಟೆ, ಅಲ್ಲಿ ಒಂದೂವರೆ ಗಂಟೆ ಮುಂಚಿತವಾಗಿ ಇರಬೇಕಾದದ್ದು, ಇಳಿದ ಮೇಲೆ ಸಾಮಾನಿಗಾಗಿ ಕಾಯುವುದು, ಅನಂತರ ದೇವನಹಳ್ಳಿಯಿಂದ ನಗರದ ದಕ್ಷಿಣ ಭಾಗಕ್ಕೆ ಸಂಚಾರ ದಟ್ಟಣೆಯಲ್ಲಿ ಎರಡು ಗಂಟೆ, ಇವೆಲ್ಲವನ್ನೂ ಕೂಡಿಸಿದರೆ ಐದೂವರೆಯಿಂದ ಆರು ಗಂಟೆಯಾಗುತ್ತದೆ. ಎಚ್‌ಎಎಲ್ ನಿಲ್ದಾಣ ಊರೊಳಗಿದ್ದ ಕಾಲದಲ್ಲಿ ಈ ಲೆಕ್ಕ ಹೀಗಿರಲಿಲ್ಲ. 2008ರ ಮೇ ತಿಂಗಳಲ್ಲಿ ನಾಗರಿಕ ವಿಮಾನಯಾನ ದೇವನಹಳ್ಳಿಗೆ ಹೋದ ಮೇಲೆ ಕಡಿಮೆ ದೂರದ ವಿಮಾನ ಪ್ರಯಾಣದಲ್ಲಿ ನೆಲದ ಮೇಲಿನ ಪಾಲೇ ದೊಡ್ಡದಾಯಿತು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹುಬ್ಬಳ್ಳಿ–ಬೆಂಗಳೂರು ದೂರ ಸುಮಾರು 410 ಕಿಲೋಮೀಟರ್. ಕಾರಿನಲ್ಲಿ ಏಳು ಗಂಟೆ ಹಿಡಿದರೂ ವಿಮಾನಕ್ಕಿಂತ ಒಂದರಿಂದ ಒಂದೂವರೆ ಗಂಟೆಯಷ್ಟೇ ಹೆಚ್ಚು. ಆ ಹೆಚ್ಚಿನ ಹೊತ್ತಿಗೆ ಪ್ರತಿಯಾಗಿ ಎಲ್ಲಿಯೂ ಇಳಿದು ಹತ್ತುವ, ಸಾಮಾನು ಎತ್ತಿಳಿಸುವ ಗೋಜಿಲ್ಲ. ಇದನ್ನು ಮಾರಬಹುದು ಎಂಬುದು ಅವರ ನಂಬಿಕೆ.

ಈ ಲೆಕ್ಕದಲ್ಲಿ ಹುರುಳಿತ್ತು, ಆದರೆ ಅದು ಇಡೀ ಬೆಂಗಳೂರಿಗೆ ಅನ್ವಯಿಸುವಂಥದ್ದಲ್ಲ. ಹುಬ್ಬಳ್ಳಿಯ ಹೆದ್ದಾರಿ ನಗರವನ್ನು ಪ್ರವೇಶಿಸುವುದು ವಾಯವ್ಯದಿಂದ, ನೆಲಮಂಗಲ–ತುಮಕೂರು ರಸ್ತೆಯ ಕಡೆಯಿಂದ; ವಿಮಾನ ನಿಲ್ದಾಣವಿರುವುದು ಉತ್ತರದಲ್ಲಿ. ಹೀಗಾಗಿ ರಾಜಾಜಿನಗರ, ವಿಜಯನಗರ, ರಾಜರಾಜೇಶ್ವರಿ ನಗರ, ಕೆಂಗೇರಿಗಳಿಗೆ ಕಾರಿನ ದಾರಿಯೇ ನೇರ, ಮತ್ತು ನೈಸ್ ರಸ್ತೆ ಹಿಡಿದರೆ ಬನ್ನೇರುಘಟ್ಟ ರಸ್ತೆ, ಎಲೆಕ್ಟ್ರಾನಿಕ್ ಸಿಟಿಗಳೂ ನಗರದ ಹೊಟ್ಟೆಯನ್ನು ಸೀಳದೆ ಸಿಗುತ್ತವೆ. ವೈಟ್‌ಫೀಲ್ಡ್ ಅಥವಾ ಹೆಬ್ಬಾಳಕ್ಕೆ ಹೋಗುವವರಿಗೆ ವಿಮಾನವೇ ವಾಸಿ. ಹಿರಿಯರು ಮೊದಲ ವಾರದಲ್ಲೇ ವೈಟ್‌ಫೀಲ್ಡ್‌ನ ಬುಕಿಂಗ್‌ಗಳನ್ನು ನಿರಾಕರಿಸುವಂತೆ ಹೇಳಿದರು. ಹೊಸ ಸೇವೆಯೊಂದು ಬಂದ ಗಿರಾಕಿಯನ್ನು ಬೇಡವೆನ್ನುವುದು ಕಿರಿಯರಿಗೆ ಹಿಡಿಸಲಿಲ್ಲ. ಆದರೆ ಏಳು ಗಂಟೆಯೆಂದು ಮಾತು ಕೊಟ್ಟು ಒಂಬತ್ತು ಗಂಟೆಗೆ ತಲುಪಿಸಿದ ಮೊದಲ ಕೆಲವು ಪ್ರಯಾಣಗಳ ದೂರುಗಳನ್ನು ಓದಿದ ಮೇಲೆ ಒಪ್ಪಿದರು. ಈ ಪ್ರಕರಣದ ಸರಿಯಾದ ನಿರ್ಧಾರಗಳಲ್ಲಿ ಇದು ಮೊದಲನೆಯದು, ಬಹುಶಃ ಅತ್ಯಂತ ಅಗ್ಗವಾದದ್ದೂ ಹೌದು.

ಆರಂಭಕ್ಕೆ ಏಳು ಆಸನದ ಎರಡು ಸ್ವಂತ ಕಾರುಗಳಿದ್ದವು. ಜೊತೆಗೆ ಮಾಲೀಕರೇ ಚಾಲಕರಾಗಿದ್ದ ಮೂರು ಗಾಡಿಗಳನ್ನು ಅಟ್ಯಾಚ್ ಮಾಡಿಕೊಂಡಿದ್ದರು, ಅಂದರೆ ಕೊಳ್ಳದೆ ಸೇವೆಗೆ ಸೇರಿಸಿಕೊಂಡಿದ್ದರು. ಎಲ್ಲವೂ ಹಳದಿ ಫಲಕದ (ಎಲ್ಲೋ ಬೋರ್ಡ್), ಅಂದರೆ ಬಾಡಿಗೆಗೆಂದು ನೋಂದಣಿಯಾದ ಗಾಡಿಗಳು. ಬಾಡಿಗೆ ಕ್ಯಾಬ್‌ಗಳಿಗೆ 80 ಕಿಲೋಮೀಟರ್‌ಗೆ ವೇಗ ನಿಯಂತ್ರಕ ಕಡ್ಡಾಯವಾದ್ದರಿಂದ, ಪಕ್ಕದಲ್ಲಿ ನೂರರ ವೇಗದಲ್ಲಿ ಹಾದುಹೋಗುವ ಸ್ವಂತ ಕಾರುಗಳೊಡನೆ ಪೈಪೋಟಿ ಮಾಡುವುದು ಸಾಧ್ಯವಿರಲಿಲ್ಲ. ಪರಿಚಿತರ ವೈಟ್ ಬೋರ್ಡ್ ಗಾಡಿಗಳನ್ನು ಹಚ್ಚಿದರೆ ಒಂದು ಗಂಟೆ ಉಳಿಯುತ್ತದೆ ಎಂಬ ಸಲಹೆ ಹೊರಗಿನಿಂದ ಬಂತು. ಹಿರಿಯರು ಅದನ್ನು ಚರ್ಚೆಗೂ ತೆಗೆದುಕೊಳ್ಳಲಿಲ್ಲ: ಸ್ವಂತ ಬಳಕೆಗೆಂದು ನೋಂದಣಿಯಾದ ಗಾಡಿಯಲ್ಲಿ ಬಾಡಿಗೆ ಓಡಿಸಿ ಅಪಘಾತವಾದರೆ ವಿಮಾ ಕಂಪನಿ ಕೈತೊಳೆದುಕೊಳ್ಳುತ್ತದೆ ಎಂಬುದನ್ನು ಅವರು ಹಿಂದೆ ಬೇರೊಬ್ಬರ ವ್ಯವಹಾರದಲ್ಲಿ ಕಂಡಿದ್ದರು.

ಆಸನವೋ, ಇಡೀ ಗಾಡಿಯೋ

ಮೊದಲ ಮೂರು ತಿಂಗಳು ಆಸನದ ಲೆಕ್ಕದಲ್ಲಿ ಮಾರಿದರು. ಒಬ್ಬರಿಗೆ 2,500 ರೂಪಾಯಿ, ಗಾಡಿಯಲ್ಲಿ ನಾಲ್ವರು. ವಿಮಾನಕ್ಕಿಂತ ಅಗ್ಗ, ಸ್ಲೀಪರ್ ಬಸ್ಸಿಗಿಂತ ದುಬಾರಿ. ಕಾಗದದ ಮೇಲೆ ಇದು ಚೆನ್ನಾಗಿ ಕಂಡಿತು. ರಸ್ತೆಯ ಮೇಲೆ ಎರಡು ಕಾರಣಗಳಿಗೆ ಕುಸಿಯಿತು.

ಒಂದನೆಯದು ಕಾನೂನಿನ ಅಸ್ಪಷ್ಟತೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇಂಥ ಕಾರುಗಳಿಗೆ ಸಿಗುವುದು ಒಪ್ಪಂದ ವಾಹನದ ಪರವಾನಗಿ. ಬಸ್ಸಿನಂತೆ ದಾರಿಯುದ್ದಕ್ಕೂ ಹತ್ತಿಸಿ ಇಳಿಸುವ ಹಕ್ಕು ಇವಕ್ಕಿಲ್ಲ. ಒಪ್ಪಂದದಲ್ಲಿಲ್ಲದವರನ್ನು ನಡುವೆ ತುಂಬಿಕೊಳ್ಳುವಂತಿಲ್ಲ. ಅದೇ ಕಾಯ್ದೆಯ ವ್ಯಾಖ್ಯೆಯಲ್ಲಿ, ಮೋಟಾರ್ ಕ್ಯಾಬ್‌ನ ಪ್ರಯಾಣಿಕರಿಂದ ಪ್ರತ್ಯೇಕ ದರ ಪಡೆದರೂ ಅದು ಒಪ್ಪಂದ ವಾಹನವೇ ಎಂಬ ಮಾತೂ ಇದೆ. ವಕೀಲರು ಎರಡನ್ನೂ ತೋರಿಸಿ, ವಾದ ಮಾಡಬಹುದು, ಆದರೆ ರಾತ್ರಿ ಹನ್ನೊಂದಕ್ಕೆ ಹೆದ್ದಾರಿಯ ತಪಾಸಣೆಯಲ್ಲಿ ವಾದ ಮಾಡುವವರು ಯಾರು ಎಂದು ಕೇಳಿದರು. 2017ರಲ್ಲಿ ಓಲಾ, ಉಬರ್‌ಗಳ ಹಂಚಿಕೆಯ ಸವಾರಿಗೆ ಕರ್ನಾಟಕ ಸಾರಿಗೆ ಇಲಾಖೆ ಆಕ್ಷೇಪವೆತ್ತಿದ್ದ ಉದಾಹರಣೆ ಕಣ್ಣಮುಂದಿತ್ತು. ಒಮ್ಮೆ ತಪಾಸಣೆಯಲ್ಲಿ ಗಾಡಿ ನಿಂತು, ನಾಲ್ವರು ಅಪರಿಚಿತ ಪ್ರಯಾಣಿಕರು ಪ್ರತ್ಯೇಕವಾಗಿ ಉತ್ತರ ಕೊಡಬೇಕಾಗಿ ಬಂದದ್ದು ಅವರ ಭಯವನ್ನು ಗಟ್ಟಿ ಮಾಡಿತು.

ಎರಡನೆಯದು ಹೆಚ್ಚು ಮೂಲಭೂತ, ಮತ್ತು ಅದನ್ನು ಯಾವ ವಕೀಲರೂ ಬಗೆಹರಿಸಲಾರರು. ನಾಲ್ವರು ಅಪರಿಚಿತರೆಂದರೆ ಈ ತುದಿಯಲ್ಲಿ ನಾಲ್ಕು ಬಾಗಿಲು, ಆ ತುದಿಯಲ್ಲಿ ನಾಲ್ಕು ಬಾಗಿಲು. ಧಾರವಾಡದ ಸಾಧನಕೇರಿಯಲ್ಲಿ ಮೊದಲು ಹತ್ತಿದವರು ಹುಬ್ಬಳ್ಳಿಯ ಕೇಶ್ವಾಪುರ, ವಿದ್ಯಾನಗರಗಳನ್ನು ಸುತ್ತಿ ಹೆದ್ದಾರಿಗೆ ಬೀಳುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿರುತ್ತಿತ್ತು. ಬೆಂಗಳೂರಿನಲ್ಲಿ ಕೊನೆಗೆ ಇಳಿಯುವವರು ಇನ್ನೂ ಒಂದೂವರೆ ಗಂಟೆ ಊರು ನೋಡಬೇಕಾಗುತ್ತಿತ್ತು. ಮನೆಬಾಗಿಲ ಸೇವೆ ಮತ್ತು ಆಸನ ಹಂಚಿಕೆ ಎರಡನ್ನೂ ಎರಡೂ ತುದಿಗಳಲ್ಲಿ ಒಟ್ಟಿಗೆ ಕೊಡಲಾಗದು. ಹಂಚಿಕೊಳ್ಳುವವರಿಗೆ ನಿಲ್ದಾಣ ಬೇಕು, ನಿಲ್ದಾಣವಿದ್ದಲ್ಲಿ ಅದು ಬಸ್ಸೇ ಆಗುತ್ತದೆ. ನಾಲ್ಕನೆಯ ತಿಂಗಳಿನಿಂದ ಇಡೀ ಗಾಡಿಯನ್ನು ಒಂದೇ ಕುಟುಂಬಕ್ಕೆ ಅಥವಾ ಒಂದೇ ತಂಡಕ್ಕೆ ಕೊಡುವುದೆಂದು ನಿರ್ಧರಿಸಿದರು. ದರ ಒಂದು ಕಡೆಗೆ 8,500 ರೂಪಾಯಿ.

ಈ ದರದ ಹಿಂದಿನ ಎಣಿಕೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಾಡಿಕೆಯಲ್ಲಿ ಟ್ರಾವೆಲ್ಸ್‌ನವರು ದೂರದ ಬಾಡಿಗೆಗೆ ಹೋಗಿ ಬರುವ ಎರಡೂ ಕಡೆಯ ಕಿಲೋಮೀಟರ್ ಹಿಡಿಯುತ್ತಾರೆ, ಚಾಲಕನ ಬಾಟಾ (ದಿನಭತ್ಯೆ) ಬೇರೆ. ಅದರಂತೆ ಒಂದು ಕಡೆಗೆ ಹೋಗುವವರೂ 13,000 ರೂಪಾಯಿಯ ಆಸುಪಾಸು ತೆರಬೇಕಾಗುತ್ತಿತ್ತು. ಇವರಿಗೆ ಒಂದು ಕಡೆಯ ಓಟಕ್ಕೆ ಪೆಟ್ರೋಲ್ 2,800, ಟೋಲ್, ಚಾಲಕನ ಕೂಲಿ, ಸಾಲದ ಕಂತು, ವಿಮೆ, ಟೈರು, ಕಚೇರಿ ಎಲ್ಲ ಸೇರಿ ಸುಮಾರು 6,200 ರೂಪಾಯಿ ಬೀಳುತ್ತಿತ್ತು. ಧಾರವಾಡದಿಂದ ಜಯನಗರಕ್ಕೆ ವಿಮಾನದಲ್ಲಿ ಹೋಗುವ ಒಬ್ಬರಿಗೆ ಟಿಕೆಟ್ 4,000 ಎಂದಿಟ್ಟುಕೊಂಡರೆ ಎರಡೂ ತುದಿಯ ಟ್ಯಾಕ್ಸಿ ಸೇರಿ 6,200; ಇಬ್ಬರಿಗೆ 10,200. ಅಂದರೆ ಒಬ್ಬರೇ ಹೋಗುವುದಾದರೆ ವಿಮಾನ ಅಗ್ಗ, ಇಬ್ಬರಾದ ಕೂಡಲೇ ಕಾರು. ಸಂಸ್ಥೆಯ ಕಡೆಯಿಂದ ನೋಡಿದರೆ, ಎರಡೂ ದಿಕ್ಕು ತುಂಬಿದಾಗ 12,400 ಖರ್ಚಿಗೆ 17,000 ಬರುತ್ತದೆ. ವಾಪಸು ಖಾಲಿ ಬಂದರೆ 3,900 ನಷ್ಟ. ನೂರು ವಾಪಸಾತಿಗಳಲ್ಲಿ 46 ತುಂಬಿದರೆ ಮಾತ್ರ ಲೆಕ್ಕ ಸಮವಾಗುತ್ತದೆ. ಆಗ ತುಂಬುತ್ತಿದ್ದದ್ದು ಮೂರರಲ್ಲಿ ಒಂದು.

ರಾತ್ರಿಯ ಖಾಲಿ ಗಾಡಿ

ವ್ಯವಹಾರದ ಗಾಯ ಇಲ್ಲಿತ್ತು. ಶುಕ್ರವಾರ ಬೆಂಗಳೂರಿನಿಂದ ಹೊರಡುವವರ ಸಾಲು. ಅದೇ ದಿನ ಬೆಂಗಳೂರಿಗೆ ಹೋಗುವವರಿಲ್ಲ. ಭಾನುವಾರ ಇದರ ತಿರುವುಮುರುವು. ದೀಪಾವಳಿ, ಯುಗಾದಿಗಳಲ್ಲಿ ಇಡೀ ಬೆಂಗಳೂರು ಒಂದೇ ದಿಕ್ಕಿಗೆ ಹರಿಯುತ್ತದೆ. ಬೇಡಿಕೆ ಹೆಚ್ಚಿದ್ದ ದಿನಗಳಲ್ಲೇ ಖಾಲಿ ಓಟವೂ ಹೆಚ್ಚು. ಖಾಲಿ ಓಟದ ನಷ್ಟವನ್ನು ತಗ್ಗಿಸಲು ಪಾಲುದಾರರು ಹಿಡಿದ ದಾರಿ ಬಹುಪಾಲು ಎಲ್ಲ ಟ್ರಾವೆಲ್ಸ್‌ನವರೂ ಹಿಡಿಯುವಂಥದ್ದು: ಬೆಳಿಗ್ಗೆ ಹುಬ್ಬಳ್ಳಿ ಬಿಟ್ಟ ಚಾಲಕ ಮಧ್ಯಾಹ್ನ ಗಿರಾಕಿಯನ್ನು ಇಳಿಸಿ, ಎಲ್ಲಾದರೂ ಗಾಡಿಯಲ್ಲೇ ಒರಗಿ, ಅದೇ ರಾತ್ರಿ ವಾಪಸಾಗುವುದು. ಹೆದ್ದಾರಿಯ ಟೋಲ್ ನಿಯಮವೂ ಇದಕ್ಕೆ ಕುಮ್ಮಕ್ಕು ಕೊಡುತ್ತಿತ್ತು; 24 ಗಂಟೆಯೊಳಗೆ ಮರಳಿದರೆ ಎರಡೂ ಓಟ ಸೇರಿ ಒಂದೂವರೆ ಪಟ್ಟು ಶುಲ್ಕ ಸಾಕು. ಕರ್ಜೀವನಹಳ್ಳಿ, ಗುಯಿಲಾಳು, ಹೆಬ್ಬಾಳು, ಚಳಗೇರಿ, ಬಂಕಾಪುರ ಎಂದು ಸಾಲುಸಾಲಾಗಿ ಟೋಲ್‌ಗಳಿರುವ ದಾರಿಯಲ್ಲಿ ಅದು ಕಡೆಗಣಿಸುವ ಮೊತ್ತವಲ್ಲ.

2023ರ ಬೇಸಿಗೆಯ ಒಂದು ನಸುಕಿನಲ್ಲಿ, ಹೀಗೆ ಖಾಲಿ ಮರಳುತ್ತಿದ್ದ ಗಾಡಿಯೊಂದು ಹಿರಿಯೂರಿನ ಆಸುಪಾಸಿನಲ್ಲಿ ರಸ್ತೆಯ ಅಂಚಿಗೆ ಸರಿದು ತಡೆಗೋಡೆಯನ್ನು ಉಜ್ಜಿಕೊಂಡು ನಿಂತಿತು. ಚಾಲಕನಿಗೆ ತರಚು ಗಾಯ, ಗಾಡಿಯ ಒಂದು ಬದಿ ನುಜ್ಜು. ಕಚೇರಿಗೆ ಬಂದಾಗ ಆತ ಹೇಳಿದ್ದು ಇಷ್ಟೇ: “ಸಾಹೇಬ್ರ, ಸಿರಾ ದಾಟಿದ್ದು ನೆನಪೈತ್ರಿ, ಹಿರಿಯೂರ ಯಾವಾಗ ಬಂತು ಅನ್ನೂದು ನೆನಪಿಲ್ರಿ.” ಆ ದಿನದ ಟ್ರಿಪ್ ಶೀಟು ನೋಡಿದರೆ ಆತ ಹಿಂದಿನ ಬೆಳಿಗ್ಗೆ ಐದಕ್ಕೆ ಕೆಲಸಕ್ಕೆ ಬಂದವನು. ಆಗ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ ಎಂಟು ಗಂಟೆಯ ಮಿತಿಯಿತ್ತು, ದೂರದ ಓಟಕ್ಕೆ ಹೆಚ್ಚೆಂದರೆ ಹತ್ತು. ಐದು ಗಂಟೆಯ ದುಡಿಮೆಯ ನಂತರ ಅರ್ಧ ಗಂಟೆಯ ವಿಶ್ರಾಂತಿ ಕಡ್ಡಾಯ. ಈ ಉದ್ಯಮದಲ್ಲಿ ಇದನ್ನು ಓದಿದವರು ಕಡಿಮೆ, ಪಾಲಿಸಿದವರು ಇನ್ನೂ ಕಡಿಮೆ.

ಕಿರಿಯರ ಮೊದಲ ಪ್ರತಿಕ್ರಿಯೆ ಚಾಲಕನನ್ನು ಬದಲಿಸುವುದು. ಹಿರಿಯರು ಒಪ್ಪದೆ, ಎರಡು ವಾರ ರಾತ್ರಿ ವಾಪಸಾತಿಯನ್ನೇ ನಿಲ್ಲಿಸಿ, ಚಾಲಕರಿಗೆ ಬೆಂಗಳೂರಿನಲ್ಲಿ ಒಂದು ಕೋಣೆ ಹಿಡಿದುಕೊಟ್ಟರು. ಅಪಾಯ ತಗ್ಗಿತು, ಖರ್ಚು ಏರಿತು, ಮತ್ತು ಎರಡು ದಿನಕ್ಕೊಮ್ಮೆ ಮನೆ ಸೇರುವ ಚಾಲಕರಲ್ಲಿ ಒಬ್ಬರು ಕೆಲಸ ಬಿಟ್ಟರು. ಸಮಸ್ಯೆಗೆ ಉತ್ತರ ಬಂದದ್ದು ಈ ಪೇಚಾಟದ ನಡುವೆ, ಅದೂ ಚಾಲಕರ ಕಡೆಯಿಂದ.

ಚಿತ್ರದುರ್ಗದ ಕೂಡುದಾಣ

ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಸುಮಾರು 200 ಕಿಲೋಮೀಟರ್, ಅಲ್ಲಿಂದ ಹುಬ್ಬಳ್ಳಿಗೆ ಹೆಚ್ಚುಕಡಿಮೆ ಅಷ್ಟೇ. ಎರಡೂ ಊರುಗಳಿಂದ ಬೆಳಿಗ್ಗೆ ಆರಕ್ಕೆ ಒಂದೊಂದು ಗಾಡಿ ಹೊರಟರೆ ಒಂಬತ್ತೂವರೆಯ ಹೊತ್ತಿಗೆ ಎರಡೂ ಚಿತ್ರದುರ್ಗದ ಬಳಿ ಇರುತ್ತವೆ. ಗಿರಾಕಿಗಳು ತಿಂಡಿ ತಿನ್ನುವ ಅರ್ಧ ಗಂಟೆಯಲ್ಲಿ ಚಾಲಕರು ಗಾಡಿ ಬದಲಿಸಿಕೊಳ್ಳುತ್ತಾರೆ: ಹುಬ್ಬಳ್ಳಿಯಿಂದ ಬಂದವನು ಬೆಂಗಳೂರಿನ ಗಾಡಿಯನ್ನು ಹುಬ್ಬಳ್ಳಿಗೆ ಒಯ್ಯುತ್ತಾನೆ, ಬೆಂಗಳೂರಿನವನು ಹುಬ್ಬಳ್ಳಿಯ ಗಾಡಿಯನ್ನು ಬೆಂಗಳೂರಿಗೆ. ಪ್ರಯಾಣಿಕರಾಗಲಿ ಸಾಮಾನಾಗಲಿ ಕದಲುವುದಿಲ್ಲ. ಮಧ್ಯಾಹ್ನ ಒಂದೂವರೆಯೊಳಗೆ ಇಬ್ಬರು ಚಾಲಕರೂ ತಮ್ಮ ತಮ್ಮ ಊರಿನಲ್ಲಿರುತ್ತಾರೆ, ರಾತ್ರಿ ತಮ್ಮ ಮನೆಯಲ್ಲಿ ಮಲಗುತ್ತಾರೆ. ರೈಲ್ವೆಯಲ್ಲಿ ಲೋಕೋ ಪೈಲಟ್‌ಗಳು ನಡುವಿನ ನಿಲ್ದಾಣದಲ್ಲಿ ಬದಲಾಗುವುದನ್ನು ಕಂಡಿದ್ದ ಚಾಲಕರೊಬ್ಬರು ಇದನ್ನು ಸೂಚಿಸಿದರಂತೆ.

ಹೊಸ ಪದ್ಧತಿ ಸಲೀಸಾಗಿ ನೆಲೆಗೊಳ್ಳಲಿಲ್ಲ. ಮೊದಲ ವಿರೋಧ ಅಟ್ಯಾಚ್ ಗಾಡಿಯವರದು. ಸಾಲ ಮಾಡಿ ಕೊಂಡ ಗಾಡಿಯನ್ನು ಮತ್ತೊಬ್ಬ ಚಾಲಕನ ಕೈಗೆ ಕೊಡಲು ಮೂವರೂ ಒಪ್ಪಲಿಲ್ಲ, ಮತ್ತು ಅವರ ನಿಲುವಿನಲ್ಲಿ ತಪ್ಪೇನೂ ಇರಲಿಲ್ಲ; ಕ್ಲಚ್ಚು ಸುಟ್ಟರೆ, ಬಂಪರ್ ಒಡೆದರೆ ಹೊರೆ ಅವರದೇ. ಇಲ್ಲಿ ಪಾಲುದಾರರ ನಡುವೆ ನಿಜವಾದ ಜಗಳವಾಯಿತು. ಅಟ್ಯಾಚ್ ಗಾಡಿಗಳಿದ್ದರೆ ಬಂಡವಾಳವಿಲ್ಲದೆ ಬೆಳೆಯಬಹುದು ಎಂಬುದು ಕಿರಿಯರ ಮೂಲ ಯೋಜನೆಯ ಬೆನ್ನೆಲುಬು. ಅವನ್ನು ಕೈಬಿಟ್ಟರೆ ಐದು ಗಾಡಿಯ ಸೇವೆ ಎರಡಕ್ಕೆ ಇಳಿಯುತ್ತದೆ. ಕೊನೆಗೆ ಸಾಲ ತೆಗೆದು ಇನ್ನೊಂದು ಹಳೆಯ ಗಾಡಿಯನ್ನು ಕೊಂಡರು: ಎರಡು ಓಡುವುದಕ್ಕೆ, ಒಂದು ಕೆಟ್ಟಾಗಿನ ಆಪತ್ತಿಗೆ. ಸೇವೆ ಕುಗ್ಗಿತು. ಕುಗ್ಗಿದ್ದರಿಂದಲೇ ಅದು ಅಂಕೆಗೆ ಸಿಕ್ಕಿತು ಎಂಬುದು ನನ್ನ ಅಭಿಪ್ರಾಯ. ಕಿರಿಯರು ಇದನ್ನು ಇಂದಿಗೂ ಪೂರ್ತಿ ಒಪ್ಪುವುದಿಲ್ಲ.

ಎರಡನೆಯ ವಿರೋಧ ಗಿರಾಕಿಗಳದು. ವಯಸ್ಸಾದ ತಂದೆ-ತಾಯಿಯನ್ನು ಒಬ್ಬ ಚಾಲಕನ ಭರವಸೆಯ ಮೇಲೆ ಕಳಿಸುವ ಮಕ್ಕಳಿಗೆ, ನಡುದಾರಿಯಲ್ಲಿ ಆತ ಇಳಿದು ಮತ್ತೊಬ್ಬ ಹತ್ತುತ್ತಾನೆಂಬುದು ಕಸಿವಿಸಿ ಉಂಟುಮಾಡಿತು. ಇದಕ್ಕೆ ಕಂಡುಕೊಂಡ ಉಪಾಯ ಸರಳ: ಹಿಂದಿನ ಸಂಜೆಯೇ ಇಬ್ಬರು ಚಾಲಕರ ಹೆಸರು, ಚಿತ್ರ, ಫೋನ್ ಸಂಖ್ಯೆಗಳನ್ನು ಕಳಿಸುವುದು; ಚಿತ್ರದುರ್ಗದಲ್ಲಿ ಹೊಸ ಚಾಲಕ ಮೊದಲು ಪ್ರಯಾಣಿಕರಿಗೆ ನಮಸ್ಕರಿಸಿ, ಅವರ ಫೋನಿನಿಂದಲೇ ಮನೆಯವರೊಡನೆ ಮಾತನಾಡಿ, ಅನಂತರವೇ ಸ್ಟಿಯರಿಂಗ್ ಹಿಡಿಯುವುದು. ಯಾರೂ ಎಣಿಸದಿದ್ದ ಒಂದು ಲಾಭವೂ ಆಯಿತು. ಕೊನೆಯ ಹತ್ತು ಕಿಲೋಮೀಟರ್ ಓಡಿಸುವವನು ಈಗ ಆ ಊರಿನವನೇ. ಬನಶಂಕರಿಯ ಮೂರನೇ ಹಂತದ ಅಡ್ಡರಸ್ತೆಗಳಲ್ಲಿ ಹುಬ್ಬಳ್ಳಿಯ ಚಾಲಕ ಪರದಾಡುವುದು, ಧಾರವಾಡದ ಕಿರುದಾರಿಗಳಲ್ಲಿ ಬೆಂಗಳೂರಿನವನು ಫೋನ್ ಮಾಡುತ್ತ ನಿಲ್ಲುವುದು ನಿಂತುಹೋಯಿತು. ಟೋಲ್ ರಿಯಾಯಿತಿಯೂ ಹೆದರಿದಷ್ಟು ಕೈತಪ್ಪಲಿಲ್ಲ. ಗಾಡಿ ಮರುಬೆಳಿಗ್ಗೆಯೇ ತಿರುಗಿ ಹೊರಟರೆ, ತಲುಪಿದ ಊರಿಗೆ ಹತ್ತಿರವಿರುವ ಟೋಲ್‌ಗಳನ್ನು 24 ಗಂಟೆಯೊಳಗೇ ಮರಳಿ ದಾಟಿರುತ್ತದೆ. ದಾವಣಗೆರೆಯಲ್ಲಿ ನಿಲ್ಲಿಸದೆ ಬೆಣ್ಣೆದೋಸೆ ತಪ್ಪಿಸಿದಿರಿ ಎಂಬ ದೂರು ಮಾತ್ರ ಆಗಾಗ ಬರುತ್ತಲೇ ಇದೆ.

ಆದರೆ ಈ ಪದ್ಧತಿ ಒಂದು ಕಠಿಣ ಷರತ್ತನ್ನು ಹೊತ್ತು ತಂದಿತ್ತು. ಎರಡೂ ಕಡೆಯಿಂದ ಗಾಡಿ ಏಕಕಾಲಕ್ಕೆ ಹೊರಡಬೇಕು. ಒಂದು ಕಡೆ ಗಿರಾಕಿಯಿಲ್ಲದಿದ್ದರೂ ಗಾಡಿ ಹೊರಡಲೇಬೇಕು. ಮುಂಚೆ ಖಾಲಿ ಓಟ ನಷ್ಟವಷ್ಟೇ ಆಗಿತ್ತು; ಈಗ ಇಡೀ ಸೇವೆಯ ಕೀಲು ಅದರ ಮೇಲೆಯೇ ನಿಂತಿತು. ಎದುರಿನ ಗಾಡಿಯನ್ನು ತುಂಬುವವರು ಯಾರು ಎಂಬ ಪ್ರಶ್ನೆಯನ್ನು ಮುಂದೂಡಲು ಇನ್ನು ಅವಕಾಶವಿರಲಿಲ್ಲ.

ಅವಸರವಿಲ್ಲದ ಗಿರಾಕಿಗಳು

ಸೇವೆಯನ್ನು ಕಟ್ಟಿದ್ದು ವ್ಯಾಪಾರಸ್ಥರಿಗಾಗಿ, ಕಂಪನಿ ಅಧಿಕಾರಿಗಳಿಗಾಗಿ. ಗಾಡಿಯಲ್ಲಿ ವೈಫೈ, ಲ್ಯಾಪ್‌ಟಾಪ್ ಇಡುವ ಹಲಗೆ, ಚಾರ್ಜರ್ ಎಲ್ಲವನ್ನೂ ಅಳವಡಿಸಿದ್ದರು. 2023ರ ಜೂನ್ 27ರಂದು ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ಆರಂಭವಾದಾಗ ಈ ವರ್ಗದವರು ಒಂದೇ ತಿಂಗಳಲ್ಲಿ ಕರಗಿದರು. ಒಬ್ಬರೇ ಪ್ರಯಾಣಿಸುವವರಿಗೆ ರೈಲು ಎಲ್ಲ ಲೆಕ್ಕದಲ್ಲೂ ಗೆಲ್ಲುತ್ತಿತ್ತು. ಕಿರಿಯರು ಸೇವೆಯನ್ನು ಮುಚ್ಚುವ ಮಾತಾಡಿದರು.

ಹಿರಿಯರು ಆಗ ಮಾಡಿದ್ದು ಹಳೆಯ ಟ್ರಿಪ್ ಶೀಟುಗಳನ್ನೆಲ್ಲ ಹರಡಿಕೊಂಡು, ಎರಡನೆಯ ಬಾರಿ ಬಂದವರ ಹೆಸರುಗಳಿಗೆ ಕೆಂಪು ಗುರುತು ಹಾಕುವ ಕೆಲಸ. ಕಂಪನಿ ಅಧಿಕಾರಿಗಳಲ್ಲಿ ಗುರುತು ಬಿದ್ದದ್ದು ವಿರಳ. ಮತ್ತೆ ಮತ್ತೆ ಬಂದವರು ಬೇರೆಯೇ ಜನ. ಜಯದೇವ, ಕಿದ್ವಾಯಿ, ನಿಮ್ಹಾನ್ಸ್‌ಗಳಿಗೆ ಮರುತಪಾಸಣೆಗೆ ಹೋಗುವ ಹಿರಿಯ ದಂಪತಿಗಳು. ಈ ಮೂರೂ ಆಸ್ಪತ್ರೆಗಳು ನಗರದ ದಕ್ಷಿಣಕ್ಕೇ ಇರುವುದು ಕಾರಿಗೆ ಅನುಕೂಲ. ಮಗನ ಮನೆಯಲ್ಲಿ ಎರಡು ತಿಂಗಳು ಇದ್ದು ಬರಲು ಹೊರಟ ತಾಯಂದಿರು, ರೊಟ್ಟಿಯ ಗಂಟು, ಉಪ್ಪಿನಕಾಯಿಯ ಭರಣಿ, ಶೇಂಗಾ ಚಟ್ನಿ, ಪೇಡೆಯ ಡಬ್ಬಗಳೊಂದಿಗೆ. ವಿಮಾನದ 15 ಕಿಲೋ ಮಿತಿಯಲ್ಲಿ ಇವರ ಅರ್ಧ ಸಾಮಾನೂ ಹೋಗದು. ಮೂರನೆಯವರು ಬಾಣಂತನಕ್ಕೆ ತವರಿಗೆ ಹೊರಟ ಹೆಣ್ಣುಮಕ್ಕಳು. ಏಳನೇ ತಿಂಗಳಲ್ಲಿ ಬೆಂಗಳೂರಿನಿಂದ ಒಂದು ಪ್ರಯಾಣ, ಕೂಸು ಐದಾರು ತಿಂಗಳದ್ದಾದಾಗ ತೊಟ್ಟಿಲು, ಹಾಸಿಗೆ, ಅಜ್ಜಿಯ ಸಮೇತ ಮರುಪ್ರಯಾಣ. ಎರಡೂ ತಿಂಗಳುಗಳ ಮುಂಚೆಯೇ ಗೊತ್ತಿರುವಂಥವು.

ಇವರೆಲ್ಲರಲ್ಲಿ ಸಾಮಾನ್ಯವಾದ ಒಂದು ಗುಣವನ್ನು ಹಿರಿಯರು ಗುರುತಿಸಿದರು. ಇವರಿಗೆ ಗಂಟೆಯ ಅವಸರವಿಲ್ಲ, ದಿನಾಂಕದ ಹಟವೂ ಕಡಿಮೆ. ಮಂಗಳವಾರದ ಬದಲು ಬುಧವಾರ ಹೋಗಬಹುದೇ ಎಂದು ಕೇಳಿದರೆ ಬಹುತೇಕ ಸಂದರ್ಭಗಳಲ್ಲಿ ಆಗಬಹುದು ಎನ್ನುತ್ತಾರೆ. ಆಸ್ಪತ್ರೆಯ ದಿನ ಖಚಿತವಾಗಿದ್ದರೂ ಒಂದು ದಿನ ಮೊದಲು ಹೋಗಿ ಬಂಧುಗಳ ಮನೆಯಲ್ಲಿ ಉಳಿಯಲು ಸಿದ್ಧರು. ಎದುರಿನ ಗಾಡಿಯನ್ನು ತುಂಬಬಲ್ಲವರು ಇಂಥವರೇ. ವಿಮಾನದೊಡನೆ ವೇಗದಲ್ಲಿ ಸ್ಪರ್ಧಿಸಲು ಹುಟ್ಟಿದ ಸೇವೆ, ವೇಗವನ್ನು ಕೇಳದ ಜನರಿಂದ ಉಳಿಯಬಹುದೆಂಬ ಈ ತಿಳಿವು ಇಡೀ ಪ್ರಕರಣದ ತಿರುವು.

ಅದಕ್ಕೆ ತಕ್ಕಂತೆ ದರವನ್ನು ಎರಡಾಗಿ ಒಡೆದರು. ದಿನ ಮತ್ತು ಹೊತ್ತನ್ನು ಗಿರಾಕಿಯೇ ಗೊತ್ತು ಮಾಡಿದರೆ ಹಿಂದಿನಂತೆ 8,500. ಮೂರು ದಿನಗಳ ಅಂತರವನ್ನು ಕೊಟ್ಟು ಅದರೊಳಗಿನ ದಿನವನ್ನು ಸಂಸ್ಥೆಗೆ ಬಿಟ್ಟರೆ 7,000. ಎರಡೂ ದಿಕ್ಕಿನಲ್ಲಿ ಕಡಿಮೆ ದರದವರೇ ಕುಳಿತರೂ 14,000 ಬರುತ್ತದೆ, ಅಂದರೆ ಖರ್ಚು ಕಳೆದು 1,600 ಉಳಿಯುತ್ತದೆ; ಒಂದು ಕಡೆ ಪೂರ್ಣ ದರ, ಇನ್ನೊಂದು ಕಡೆ ಖಾಲಿ ಎಂಬ ಹಳೆಯ ಸ್ಥಿತಿಗಿಂತ ಇದು ಎಷ್ಟೋ ಮೇಲು. ಮುಂದಿನ ವರ್ಷದ ಹೊತ್ತಿಗೆ ಎದುರು ದಿಕ್ಕಿನ ಓಟಗಳಲ್ಲಿ ನಾಲ್ಕರಲ್ಲಿ ಮೂರು ತುಂಬತೊಡಗಿದವು. ಶುಕ್ರವಾರ ಸಂಜೆಯ ನೂಕುನುಗ್ಗಲನ್ನು ಬೇಕೆಂದೇ ಬಸ್ಸುಗಳಿಗೆ ಬಿಟ್ಟುಕೊಟ್ಟರು. ಹಬ್ಬದ ಮುನ್ನಾದಿನಗಳಿಗೆ ಮಾತ್ರ, ವಾಪಸು ಖಾಲಿ ಬರುತ್ತದೆಂದು ಮೊದಲೇ ತಿಳಿಸಿ, ಎರಡೂ ಕಡೆಯ ದರ ಹಿಡಿದರು. ಮುಚ್ಚುಮರೆ ಇಲ್ಲದ್ದರಿಂದ ಹೆಚ್ಚಿನವರು ಚೌಕಾಶಿ ಮಾಡಲಿಲ್ಲ.

ಗಾಡಿಯ ಒಳಗೂ ಬದಲಾವಣೆಗಳಾದವು. ಲ್ಯಾಪ್‌ಟಾಪ್ ಹಲಗೆಗಳನ್ನು ಬಿಚ್ಚಿದರು. ಹತ್ತಲು ಒಂದು ಮಡಚುವ ಮೆಟ್ಟಿಲು, ಸೊಂಟಕ್ಕೆ ದಿಂಬು, ಬಿಸಿನೀರಿನ ಫ್ಲಾಸ್ಕು ಬಂದವು. ಇಂಧನ ಉಳಿಸಲು ಸಿಎನ್‌ಜಿ ಹಾಕಿಸುವ ಯೋಚನೆಯನ್ನು, ಸಿಲಿಂಡರು ಡಿಕ್ಕಿಯ ಜಾಗ ನುಂಗುತ್ತದೆಂಬ ಕಾರಣಕ್ಕೆ ಕೈಬಿಟ್ಟರು. ಸಾಮಾನಿಗಾಗಿಯೇ ಕಾರು ಹಿಡಿಯುವವರಿಗೆ ಸಾಮಾನಿಡಲು ಜಾಗವಿಲ್ಲವೆಂದರೆ ಹೇಗೆ? ಎಲ್ಲಕ್ಕಿಂತ ಹೆಚ್ಚು ಶ್ರಮ ಬೇಡಿದ್ದು ಶೌಚಾಲಯಗಳ ಪಟ್ಟಿ. ಮಂಡಿ ನೋವಿರುವವರಿಗೆ ಕುರ್ಚಿ ಮಾದರಿಯ ಕಮೋಡ್ ಇರುವ, ನೀರು ಬರುವ, ಮೆಟ್ಟಿಲು ಹತ್ತಬೇಕಾಗದ ಹೋಟೆಲುಗಳು ಹೆದ್ದಾರಿಯಲ್ಲಿ ಎಲ್ಲೆಲ್ಲಿವೆ ಎಂಬುದನ್ನು ಚಾಲಕರು ತಾವೇ ನೋಡಿ ಬರೆದರು, ತಿಂಗಳಿಗೊಮ್ಮೆ ತಿದ್ದಿದರು. ಎರಡು ಗಂಟೆಗೊಮ್ಮೆ ನಿಲುಗಡೆ ಕೇಳದೆಯೇ ಆಗುತ್ತದೆ. ಬೇರೆ ಯಾವ ಟ್ರಾವೆಲ್ಸ್‌ನವರೂ ಒಂದು ವಾರದಲ್ಲಿ ನಕಲು ಮಾಡಬಹುದಾದ ಪಟ್ಟಿಯಿದು, ಯಾರೂ ಮಾಡಿಲ್ಲ.

ಫಲಕದ ಮೇಲೆ ಮತ್ತು ಜಾಹೀರಾತಿನಲ್ಲಿ “ವಿಮಾನಕ್ಕೆ ಪರ್ಯಾಯ” ಎಂಬ ಮಾತನ್ನು ಅವರು ಇನ್ನೂ ಉಳಿಸಿಕೊಂಡಿದ್ದಾರೆ. ಒಳಗೆ ಕೂರುವ ಅಜ್ಜಿ ವಿಮಾನದ ಬಗ್ಗೆ ಎಂದೂ ಯೋಚಿಸಿದವರಲ್ಲವಾದ್ದರಿಂದ ಇದನ್ನು ತೆಗೆಯಬಾರದೇಕೆ ಎಂದು ಕೇಳಿದೆ. ಹಿರಿಯರ ಉತ್ತರ ಒಪ್ಪುವಂತಿತ್ತು: ಕೂರುವವರು ಬೇರೆ, ಹಣ ಕೊಡುವವರು ಬೇರೆ. ಬುಕಿಂಗ್ ಮಾಡುವವರು ಬೆಂಗಳೂರಿನ ಅಥವಾ ಅಮೆರಿಕದ ಮಕ್ಕಳು; ಅಪ್ಪ-ಅವ್ವರನ್ನು ಬಸ್ಸಿಗೆ ಹತ್ತಿಸಲು ಮನಸ್ಸಾಗದೆ ವಿಮಾನದ ಟಿಕೆಟ್ ಹುಡುಕುತ್ತ ಕುಳಿತಿರುವವರು. ಆ ಮಾತು ಅವರನ್ನು ಉದ್ದೇಶಿಸಿದ್ದು. ಅವರಿಗಾಗಿಯೇ ಹೊರಟಾಗ, ಚಿತ್ರದುರ್ಗದಲ್ಲಿ, ತಲುಪಿದಾಗ ಹೀಗೆ ಮೂರು ಸಂದೇಶಗಳು ಹೋಗುತ್ತವೆ.

ಈಗಿನ ಸ್ಥಿತಿ

ಬೆಳಗಿನ ಜೋಡಿ ವಾರದಲ್ಲಿ ಆರು ದಿನ ಓಡುತ್ತಿದೆ, ಮಧ್ಯಾಹ್ನದ ಜೋಡಿ ಬೇಡಿಕೆಯಿದ್ದರೆ ಮಾತ್ರ; ರಾತ್ರಿ ಒಂಬತ್ತರ ನಂತರ ಯಾವ ಗಾಡಿಯೂ ಹೆದ್ದಾರಿಯಲ್ಲಿರಬಾರದು ಎಂಬ ನಿಯಮವಿದೆ. ಗಾಡಿ ಬದಲಾಗುವಾಗ ನಾಲ್ಕೂ ಬದಿಯ ಚಿತ್ರ ತೆಗೆಯುವ ಪದ್ಧತಿ ಬಂದ ಮೇಲೆ ಗೀರು ಯಾರದೆಂಬ ತಕರಾರು ಕಡಿಮೆಯಾಗಿದೆ. ಒಂದು ಕಡೆಯ ಗಾಡಿ ತಡವಾದರೆ ಇನ್ನೊಂದು ಕಡೆಯವರು ಕಾಯಬೇಕಾಗುವ ತೊಂದರೆ ಉಳಿದೇ ಇದೆ. ಹೆದ್ದಾರಿಯ ಆರು ಪಥದ ಕಾಮಗಾರಿಗಾಗಿ ಸರ್ವಿಸ್ ರಸ್ತೆಗೆ ಇಳಿಸಿದ ದಿನಗಳಲ್ಲಿ ಅದು ಮುಕ್ಕಾಲು ಗಂಟೆಯವರೆಗೂ ಹೋಗಿದ್ದುಂಟು. ಇಪ್ಪತ್ತು ನಿಮಿಷ ಮೀರಿದರೆ ತಿಂಡಿಯ ಬಿಲ್ಲನ್ನು ಸಂಸ್ಥೆಯೇ ಕೊಡುತ್ತದೆ.

ಸದ್ಯ ಪಾಲುದಾರರ ಮುಂದಿರುವುದು ಬೆಳಗಾವಿಯ ಪ್ರಶ್ನೆ. ಅಲ್ಲಿಂದ ಕರೆಗಳು ಬರುತ್ತಿವೆ, ಕಿರಿಯರಿಗೆ ವಿಸ್ತರಿಸುವ ಆಸೆಯಿದೆ. ಬೆಳಗಾವಿ–ಬೆಂಗಳೂರು 500 ಕಿಲೋಮೀಟರ್ ದಾಟುತ್ತದೆ. ನಡುಬಿಂದು ಚಿತ್ರದುರ್ಗದಿಂದ ದಾವಣಗೆರೆಗೆ ಸರಿಯುತ್ತದೆ, ಚಾಲಕನ ದಿನ ಒಂಬತ್ತು ಗಂಟೆ ಮುಟ್ಟುತ್ತದೆ, ಮತ್ತು ಹುಬ್ಬಳ್ಳಿಯ ಜೋಡಿಯೊಡನೆ ಇದನ್ನು ಬೆಸೆಯಲು ಬರುವುದಿಲ್ಲ. ಬೆಳಗಾವಿಗೆ ಬೇರೆಯದೇ ಒಂದು ಜೋಡಿ, ಅಂದರೆ ಇನ್ನೆರಡು ಗಾಡಿ, ಇನ್ನಿಬ್ಬರು ಚಾಲಕರು ಬೇಕು ಎನ್ನುತ್ತಾರೆ ಹಿರಿಯರು. ಬೆಳಗಾವಿಯಿಂದ ಹುಬ್ಬಳ್ಳಿಯವರೆಗೆ ಮೂರನೆಯ ಚಾಲಕನೊಬ್ಬ ತಂದು ಒಪ್ಪಿಸಿದರಾಯಿತು ಎನ್ನುತ್ತಾರೆ ಕಿರಿಯರು. ಬೆಳಗಾವಿಯ ಕರೆಗಳಲ್ಲಿ ಮೂರು ದಿನಗಳ ಅಂತರಕ್ಕೆ ಒಪ್ಪುವವರು ಎಷ್ಟು ಮಂದಿ ಎಂದು ಬರೆದಿಡಲು ಕಚೇರಿಯ ಹುಡುಗಿಗೆ ಹೇಳಿದ್ದಾರೆ. ಆ ಪಟ್ಟಿ ದಸರೆಯವರೆಗೆ ತುಂಬಲಿ, ಆಮೇಲೆ ಮಾತಾಡೋಣ ಎಂಬಲ್ಲಿಗೆ ಇಬ್ಬರೂ ಒಪ್ಪಿದ್ದಾರೆ.